ಕಾಯುವುದೋ, ಕೊಯ್ಯುವುದೋ? ಬಸಿರಿನಲ್ಲಿ ಪಿತ್ತಕೋಶದ ಕಲ್ಲು

ಬಸುರಿಗೆ ಎದೆಯುರಿ, ಹುಳಿತೇಗು, ವಾಂತಿ ಹೊಸತಲ್ಲ. ಹಾಗಾಗಿ ರಾತ್ರಿ ಊಟವಾದ ಒಂದೆರಡು ಗಂಟೆಗೆ ಬಲಪಕ್ಕೆಲುಬಿನ ಕೆಳಗೆ ಹಿಡಿದುಕೊಳ್ಳುವ ನೋವಿಗೆ ನಮ್ಮ ಮನೆಗಳಲ್ಲಿ ಮೊದಲು ಸಿಗುವ ಹೆಸರು ‘ಗ್ಯಾಸ್ಟ್ರಿಕ್’. ಜೀರಿಗೆ ಕಷಾಯ ಆಗುತ್ತದೆ, ಓಮದ ನೀರು ಆಗುತ್ತದೆ, ಮೆಡಿಕಲ್ ಶಾಪಿನಿಂದ ಒಂದು ಬಾಟಲಿ ಆಂಟಾಸಿಡ್ ಬರುತ್ತದೆ. ಎರಡು ಮೂರು ತಾಸಿನಲ್ಲಿ ನೋವು ತಾನಾಗಿ ಇಳಿದಾಗ ಕಷಾಯವೇ ಗೆದ್ದಂತೆ ಕಾಣುತ್ತದೆ. ಎಷ್ಟೋ ಸಲ ಒಳಗೆ ಆಗಿರುವುದು ಬೇರೆ. ಪಿತ್ತಕೋಶದ ಬಾಯಿಗೆ ಬಂದು ಕಚ್ಚಿಕೊಂಡಿದ್ದ ಕಲ್ಲೊಂದು ಹಿಂದಕ್ಕೆ ಸರಿದಿರುತ್ತದೆ, ಅಷ್ಟೇ. ಕಲ್ಲು ಅಲ್ಲೇ ಇದೆ. ಮುಂದಿನ ವಾರವೋ ಮುಂದಿನ ತಿಂಗಳೋ ಮತ್ತೆ ಬರುತ್ತದೆ.

ಈ ನೋವಿಗೆ ಗುರುತು ಇದೆ. ಬಂದು ಬಂದು ಬಿಡುವ ನೋವಲ್ಲ. ಒಮ್ಮೆ ಏರಿತೆಂದರೆ ಒಂದೇ ಸಮನೆ ನಿಲ್ಲುತ್ತದೆ. ಎದೆಗುಂಡಿಯ ಕೆಳಗೋ ಬಲಪಕ್ಕೆಲುಬಿನಡಿಯೋ ಶುರುವಾಗಿ ಬೆನ್ನಿಗೆ, ಬಲ ಹೆಗಲೆಲುಬಿನತ್ತ ಹಬ್ಬುತ್ತದೆ. ಮಗ್ಗುಲು ಬದಲಿಸಿದರೂ, ಎದ್ದು ಓಡಾಡಿದರೂ ತಗ್ಗುವುದಿಲ್ಲ. ಜಿಡ್ಡಿನ ಊಟ ಮಾಡಿದ ರಾತ್ರಿ ಹೆಚ್ಚು. ಅರ್ಧ ಗಂಟೆಯಿಂದ ನಾಲ್ಕೈದು ಗಂಟೆವರೆಗೆ ಇದ್ದು ಹೋಗುತ್ತದೆ. ಅದಕ್ಕೂ ಮೀರಿ ಉಳಿದರೆ, ಜೊತೆಗೆ ಜ್ವರ, ಚಳಿ ಬಂದರೆ, ಕಲ್ಲು ಸರಿಯದೆ ಕೂತು ಪಿತ್ತಕೋಶವೇ ಉರಿಯೂತಕ್ಕೆ ಸಿಕ್ಕಿದೆ ಎಂದು ಅನುಮಾನಿಸಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಕಲ್ಲು ಪಿತ್ತನಾಳಕ್ಕೆ ಜಾರಿರಬಹುದು. ಹೊಟ್ಟೆ ನಡುವಿನಿಂದ ನೇರ ಬೆನ್ನಿಗೆ ಚುಚ್ಚುವ ಬಿಡದ ನೋವು ಮತ್ತು ನಿಲ್ಲದ ವಾಂತಿ ಇದ್ದರೆ ಮೇದೋಜೀರಕ ಗ್ರಂಥಿಗೂ ಬಿಸಿ ತಟ್ಟಿರಬಹುದು.

ಬಸಿರಿಗೂ ಪಿತ್ತಕೋಶಕ್ಕೂ ಏನು ನಂಟು? ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ತಯಾರಿಸುತ್ತದೆ. ಅದರ ಅಡಿಗೆ ಅಂಟಿಕೊಂಡಿರುವ ಪಿತ್ತಕೋಶ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಊಟದ ಜಿಡ್ಡು ಸಣ್ಣಕರುಳಿಗೆ ಇಳಿದೊಡನೆ ಅದು ಹಿಂಡಿಕೊಂಡು ರಸವನ್ನು ನಾಳಕ್ಕೆ ತಳ್ಳುತ್ತದೆ. ಬಸಿರಿನಲ್ಲಿ ಎರಡು ಹಾರ್ಮೋನುಗಳು ಈ ವ್ಯವಸ್ಥೆಯನ್ನು ಎರಡು ಕಡೆಯಿಂದ ಕೆಡಿಸುತ್ತವೆ. ಈಸ್ಟ್ರೋಜನ್ ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟರಾಲ್ ಸುರಿಸುತ್ತದೆ. ಗರ್ಭಕೋಶ ಅಕಾಲದಲ್ಲಿ ಹಿಂಡಿಕೊಳ್ಳದಂತೆ ಕಾಯುವ ಪ್ರೊಜೆಸ್ಟರಾನ್ ಪಿತ್ತಕೋಶದ ಸ್ನಾಯುವನ್ನೂ ಸಡಿಲಿಸಿಬಿಡುತ್ತದೆ. ರಸ ಗಟ್ಟಿ, ಚೀಲ ಸೋಮಾರಿ. ಊಟವಾದ ಮೇಲೂ ಒಂದಿಷ್ಟು ರಸ ಒಳಗೇ ಉಳಿದು, ಕಾಫಿ ಲೋಟದ ತಳದಲ್ಲಿ ಕೂರುವ ಹಾಗೆ ಗಸಿ ಕೂರುತ್ತದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಸ್ಲಡ್ಜ್’ ಎಂದು ಬರೆದಿರುವುದು ಇದನ್ನೇ. ಕೆಲವರಲ್ಲಿ ಗಸಿ ಗಟ್ಟಿಯಾಗಿ ಕಲ್ಲಾಗುತ್ತದೆ.

ಆದರೆ ಕಲ್ಲು ಇರುವುದು ಬೇರೆ, ಕಲ್ಲು ಕಾಡುವುದು ಬೇರೆ. ಅಮೆರಿಕದಲ್ಲಿ 3,254 ಬಸುರಿಯರನ್ನು ಸ್ಕ್ಯಾನ್ ಮಾಡುತ್ತಾ ಬಂದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ ನಾಲ್ಕಾರು ವಾರ ಕಳೆಯುವ ಹೊತ್ತಿಗೆ ಅವರಲ್ಲಿ ಹತ್ತಿರ ಹತ್ತಿರ ಹತ್ತಕ್ಕೆ ಒಬ್ಬರಲ್ಲಿ ಗಸಿಯೋ ಕಲ್ಲೋ ಕಾಣಿಸಿಕೊಂಡಿತ್ತು. ಹೆರಿಗೆಯಾದ ವರ್ಷದೊಳಗೆ ಪಿತ್ತಕೋಶ ತೆಗೆಸಿಕೊಳ್ಳಬೇಕಾಗಿ ಬಂದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಗೆ. ಬಸಿರಿಗೆ ಮೊದಲೇ ಇದ್ದ ಬೊಜ್ಜು ಈ ಕಲ್ಲುಗಳ ದೊಡ್ಡ ಕಾರಣಗಳಲ್ಲೊಂದು ಎಂಬುದನ್ನೂ ಆ ಅಧ್ಯಯನ ತೋರಿಸಿತು. ತಾಯಿ, ಅಕ್ಕತಂಗಿಯರಿಗೆ ಕಲ್ಲು ಇದ್ದವರು, ಹಲವು ಹೆರಿಗೆಯಾದವರು, ಮದುವೆಗೆಂದೋ ಮತ್ತಾವುದಕ್ಕೋ ಗಡಿಬಿಡಿಯಲ್ಲಿ ತೂಕ ಇಳಿಸಿದವರು ಕೂಡ ಈ ಪಟ್ಟಿಯಲ್ಲಿದ್ದಾರೆ. ಗಂಗಾ ಬಯಲಿನ ಉತ್ತರ ಭಾರತದಲ್ಲಿ ಕೊಲೆಸ್ಟರಾಲ್ ಕಲ್ಲುಗಳದ್ದೇ ಮೇಲುಗೈ. ದಕ್ಷಿಣದಲ್ಲಿ ಕಪ್ಪು, ಕಂದು ಬಣ್ಣದ ವರ್ಣಕದ ಕಲ್ಲುಗಳ ಪಾಲು ಹೆಚ್ಚು. ಸಿಕಲ್ ಸೆಲ್, ಥಲಸೀಮಿಯಾದಂಥ ರಕ್ತದ ಕಾಯಿಲೆ ಇರುವವರಲ್ಲಿ ಕೆಂಪುರಕ್ತಕಣ ಒಡೆದೊಡೆದು ಇಂಥ ಕಲ್ಲು ಚಿಕ್ಕ ವಯಸ್ಸಿಗೇ ಬೆಳೆಯುತ್ತದೆ. ತೆಳ್ಳಗಿರುವವಳಿಗೆ ಕಲ್ಲು ಬರುವುದಿಲ್ಲ ಎಂಬ ಮಾತನ್ನು ನಂಬಿ ಕೂರುವಂತಿಲ್ಲ.

ಹೀಗಾಗಿ ಮಗುವನ್ನು ನೋಡಲು ಮಾಡಿದ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಕಲ್ಲು ಕಂಡು, ಅದರಿಂದ ಒಂದು ದಿನವೂ ನೋವಾಗಿಲ್ಲ ಎನ್ನುವ ಹೆಂಗಸಿಗೆ ಮಾಡಬೇಕಾದ್ದು ಏನೂ ಇಲ್ಲ. ರಿಪೋರ್ಟನ್ನು ಜೋಪಾನ ಮಾಡಿ ಇಟ್ಟುಕೊಂಡರೆ ಸಾಕು. ಇಷ್ಟು ಹೇಳಿ ಮುಂದಕ್ಕೆ ಹೋಗಬಹುದು, ಏಕೆಂದರೆ ಕಷ್ಟದ ಪ್ರಶ್ನೆ ಇರುವುದು ನೋವು ಬಂದವಳ ವಿಷಯದಲ್ಲಿ.

ನೋವು ಪಿತ್ತಕೋಶದ್ದೇ ಎಂದು ಗೊತ್ತುಮಾಡಿಕೊಳ್ಳುವುದೂ ಬಸಿರಿನಲ್ಲಿ ಸಲೀಸಲ್ಲ. ರಕ್ತಪರೀಕ್ಷೆ ದಾರಿ ತಪ್ಪಿಸುತ್ತದೆ: ಬಿಳಿ ರಕ್ತಕಣ ಬಸಿರಿನಲ್ಲಿ ಹೇಗೂ ಏರಿರುತ್ತದೆ, ಲಿವರ್ ಪರೀಕ್ಷೆಯ ಆಲ್ಕಲೈನ್ ಫಾಸ್ಫಟೇಸನ್ನು ಮಾಸು ಕೂಡ ತಯಾರಿಸುವುದರಿಂದ ಅದೂ ಮೇಲೇರಿರುತ್ತದೆ. ಗರ್ಭ ಬೆಳೆದಂತೆ ಅಪೆಂಡಿಕ್ಸ್ ತನ್ನ ಜಾಗ ಬಿಟ್ಟು ಮೇಲಕ್ಕೆ ಸರಿದು, ಅದರ ನೋವೂ ಬಲಪಕ್ಕೆಯಲ್ಲಿ ಕಾಣಿಸಿಕೊಳ್ಳಬಹುದು. ಕಿಡ್ನಿಯ ಸೋಂಕು, ಕಾಮಾಲೆ ಎಲ್ಲಕ್ಕೂ ಅದೇ ಜಾಗ. ಅಂಗೈ ಅಂಗಾಲು ಕೆರೆತ ಮುಂದಾಗಿದ್ದರೆ ಬಸಿರಿನದೇ ಆದ ಪಿತ್ತಸ್ತಂಭನವನ್ನು ಯೋಚಿಸಬೇಕು. ಅದರ ಚಿಕಿತ್ಸೆ ಬೇರೆಯೇ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. 20 ವಾರ ದಾಟಿದ ಬಸುರಿಗೆ ಬಲಪಕ್ಕೆಲುಬಿನಡಿ ನೋವು, ಜೊತೆಗೆ ತಲೆನೋವು, ಕಣ್ಣು ಮಂಜು, ಮುಖ ಕೈ ಊತ ಇದ್ದರೆ ಮೊದಲು ನೋಡಬೇಕಾದ್ದು ಬಿ.ಪಿ.ಯನ್ನು. ಪ್ರಿ–ಎಕ್ಲಾಂಪ್ಸಿಯಾ ಉಲ್ಬಣಿಸಿ ಲಿವರಿಗೆ ತಟ್ಟಿದಾಗ ಬರುವ ‘ಹೆಲ್ಪ್’ ಎಂಬ ಸ್ಥಿತಿಯ ನೋವೂ ಇಲ್ಲೇ ಬರುತ್ತದೆ, ವಾಂತಿಯೂ ಇರುತ್ತದೆ. ಪ್ಲೇಟ್‌ಲೆಟ್ ಕುಸಿಯುತ್ತಿರುವ ಆ ಹೆಂಗಸು ‘ಗ್ಯಾಸ್ಟ್ರಿಕ್’ ಎಂದೋ ‘ಕಲ್ಲಿನ ನೋವು, ಬೆಳಗ್ಗೆ ನೋಡೋಣ’ ಎಂದೋ ಮಲಗಿದರೆ ಬೆಳಗಾಗುವಷ್ಟರಲ್ಲಿ ಇಬ್ಬರ ಜೀವಕ್ಕೂ ಕುತ್ತು. ಕಲ್ಲು ಇದೆಯೆಂದು ಮೊದಲೇ ಗೊತ್ತಿರುವವರು ಇಲ್ಲಿ ಇನ್ನಷ್ಟು ಮೋಸಹೋಗುತ್ತಾರೆ, ಏಕೆಂದರೆ ನೋವಿಗೆ ಹೇಳಲು ಅವರ ಬಳಿ ಸಿದ್ಧ ಕಾರಣ ಇರುತ್ತದೆ.

ಕಲ್ಲನ್ನು ಕಾಣಲು ಅಲ್ಟ್ರಾಸೌಂಡ್ ಸಾಕು. ಮಗುವಿಗೆ ತೊಂದರೆ ಇಲ್ಲ, ತಾಲ್ಲೂಕು ಮಟ್ಟದಲ್ಲೂ ಸಿಗುತ್ತದೆ. ನಾಳದೊಳಗಿನ ಕಲ್ಲು ಮಾತ್ರ ಅದಕ್ಕೆ ಎಷ್ಟೋ ಸಲ ಸಿಗುವುದಿಲ್ಲ. ಆಗ ಗ್ಯಾಡೋಲಿನಿಯಂ ಎಂಬ ಬಣ್ಣದ ಇಂಜೆಕ್ಷನ್ ಕೊಡದೆ ಎಂ.ಆರ್.ಐ. ಮಾಡಿಸುತ್ತಾರೆ.

ಈಗ ಆಸ್ಪತ್ರೆಯ ಕಾರಿಡಾರಿಗೆ ಬರೋಣ. ಲೆಕ್ಕ ಹೇಗೆ ನಡೆಯುತ್ತದೆಂದು ನೋಡಲು ಒಬ್ಬಾಕೆಯನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆಯವರು, 29 ವರ್ಷ, ಎರಡನೇ ಬಸಿರು, 17 ವಾರ. ಆರು ವಾರದಲ್ಲಿ ಮೂರು ಸಲ ನೋವು ಬಂದಿದೆ. (ಕೊನೆಯದು ಬೆಣ್ಣೆದೋಸೆಯ ರಾತ್ರಿ, ಆ ಊರಿನಲ್ಲಿ ಇದನ್ನು ಹೇಳುವುದೇ ಬೇಡ.) ಸ್ಕ್ಯಾನಿನಲ್ಲಿ 4ರಿಂದ 6 ಮಿಲಿಮೀಟರಿನ ಹಲವು ಕಲ್ಲು. ಜ್ವರ ಇಲ್ಲ, ಕಾಮಾಲೆ ಇಲ್ಲ. ಸರ್ಜನ್ ಆಪರೇಷನ್ ಮಾತೆತ್ತಿದ್ದಾರೆ. ಅತ್ತೆಯ ಪ್ರಶ್ನೆ: “ಡಾಕ್ಟ್ರೇ, ಹೊಟ್ಯಾಗ ಕೂಸು ಇಟ್ಕಂಡು ಆಪರೇಷನ್ ಅಂದ್ರ ಹೆಂಗ್ರಿ? ಹೆರಿಗಿ ಆಗ್ಲಿ, ಆಮ್ಯಾಲೆ ನೋಡೋಣಂತ.” ಗಂಡ ಮೊಬೈಲಿನಲ್ಲಿ ಹುಡುಕುತ್ತಿದ್ದಾನೆ. ಆಕೆಯ ತಾಯಿ ಏನೂ ಹೇಳುತ್ತಿಲ್ಲ.

ಅತ್ತೆಯ ಭಯ ಅರ್ಥವಿಲ್ಲದ್ದೇನಲ್ಲ. ಸರ್ಜನ್ನರೂ ಒಂದು ಕಾಲಕ್ಕೆ ಹೀಗೇ ಹೇಳುತ್ತಿದ್ದರು. ಪಿತ್ತಕೋಶವನ್ನು ಮೊದಲು ತೆಗೆದದ್ದು 1882ರಲ್ಲಿ, ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್. ಹೊಟ್ಟೆ ಅಗಲ ಕೊಯ್ಯದೆ ದುರ್ಬೀನಿನ ಮೂಲಕ ತೆಗೆದದ್ದು 1985ರಲ್ಲಿ, ಜರ್ಮನಿಯವರೇ ಆದ ಎರಿಕ್ ಮ್ಯೂಹೆ. ಈ ಲ್ಯಾಪರೊಸ್ಕೋಪಿ ಬಂದ ಹೊಸತರಲ್ಲಿ ಬಸಿರು ಎಂದರೆ ‘ಮಾಡಲೇಬಾರದು’ ಎಂಬ ಪಟ್ಟಿಯಲ್ಲಿತ್ತು. ಹೊಟ್ಟೆಗೆ ಊದುವ ಕಾರ್ಬನ್ ಡೈಆಕ್ಸೈಡ್ ಮಗುವಿಗೆ ಏನು ಮಾಡೀತು, ಸಲಕರಣೆಯ ಮೊನೆ ಗರ್ಭಕೋಶಕ್ಕೆ ತಗುಲಿದರೆ ಏನು ಗತಿ ಎಂಬ ಅಂಜಿಕೆ. 1990ರ ದಶಕದಲ್ಲಿ ಒಂದೊಂದೇ ವರದಿ ಬರುತ್ತಾ ಅಂಜಿಕೆ ಸಡಿಲವಾಯಿತು. ಇಂದು ಅಮೆರಿಕದ ಲ್ಯಾಪರೊಸ್ಕೋಪಿ ಸರ್ಜನ್ನರ ಸಂಘವಾದ ಸೇಜಸ್‌ನ ಮಾರ್ಗಸೂಚಿ, ಪಿತ್ತಕೋಶ ಕಾಡುತ್ತಿರುವ ಬಸುರಿಗೆ ಯಾವ ತಿಂಗಳಾದರೂ ಲ್ಯಾಪರೊಸ್ಕೋಪಿಯೇ ಮೊದಲ ಆಯ್ಕೆ ಎನ್ನುತ್ತದೆ. ಅಲ್ಲಿನ ಪ್ರಸೂತಿ ತಜ್ಞರ ಕಾಲೇಜು ಎರಡು ಮಾತು ಸೇರಿಸಿ ಹೇಳುತ್ತದೆ: ಬೇಕೇ ಬೇಕಾದ ಶಸ್ತ್ರಚಿಕಿತ್ಸೆಯನ್ನು ಬಸಿರು ಎಂಬ ಕಾರಣಕ್ಕೆ ನಿರಾಕರಿಸಬಾರದು, ತಡೆಯಬಹುದಾದ್ದನ್ನು ಹೆರಿಗೆಯಾಚೆಗೆ ಇಡಬೇಕು.

ಪಿತ್ತಕೋಶದ ನೋವು ಈ ಎರಡು ಮಾತಿನ ನಡುವೆ ಸಿಕ್ಕಿಕೊಂಡಿದೆ. ಬೇಕೇ ಬೇಕಾದ್ದೋ, ತಡೆಯಬಹುದಾದ್ದೋ?

ನನ್ನ ತಕರಾರು ಇರುವುದು ನಾವು ಲೆಕ್ಕ ಹಾಕುವ ರೀತಿಯ ಬಗ್ಗೆ. ಆಪರೇಷನ್ನಿನ ಅಪಾಯವನ್ನು ಎಲ್ಲರೂ ಎಣಿಸುತ್ತಾರೆ. ಕಾಯುವುದರ ಅಪಾಯವನ್ನು ಎಣಿಸುವವರು ಕಡಿಮೆ. ಕಾಯುವುದೆಂದರೆ ಏನೂ ಮಾಡದಿರುವುದು ಎಂದೇ ನಮಗೆ ಅನಿಸುತ್ತದೆ. ಏನೂ ಮಾಡದಿದ್ದರೆ ಏನೂ ಆಗುವುದಿಲ್ಲ ಎಂಬ ಭ್ರಮೆ ಅದರ ಹಿಂದೆಯೇ ಬರುತ್ತದೆ. ಸೇಜಸ್ ಮಾರ್ಗಸೂಚಿ ಉಲ್ಲೇಖಿಸುವ ಅಂಕಿ ನೋಡಿ: ಆಪರೇಷನ್ ಇಲ್ಲದೆ ಔಷಧ, ಪಥ್ಯದಲ್ಲೇ ನಡೆಸಿದವರಲ್ಲಿ, ಮೊದಲ ಮೂರು ತಿಂಗಳಲ್ಲಿ ನೋವು ಕಾಣಿಸಿಕೊಂಡಿದ್ದರೆ 92%, ನಡುವಿನ ಮೂರು ತಿಂಗಳಾದರೆ 64%, ಕೊನೆಯ ಮೂರು ತಿಂಗಳಾದರೆ 44% ಮಂದಿಗೆ ಮತ್ತೆ ನೋವು ಬಂದಿದೆ. ಈ ಅಂಕಿಗಳು ಹಳೆಯ, ಸಣ್ಣ ಅಧ್ಯಯನಗಳಿಂದ ಬಂದವು, ಅಕ್ಷರಶಃ ಹಿಡಿಯಬೇಕಿಲ್ಲ. ಆದರೆ ಇಳಿಯುತ್ತಾ ಹೋಗುವ ಆ ಕ್ರಮ ನಂಬುವಂಥದ್ದು. ಹೆರಿಗೆಗೆ ಇನ್ನೂ ಆರು ತಿಂಗಳಿರುವವಳಿಗೆ ಕಲ್ಲು ಮತ್ತೆ ಸಿಕ್ಕಿಕೊಳ್ಳಲು ಆರು ತಿಂಗಳ ಅವಕಾಶವಿದೆ, ಆರು ವಾರ ಇರುವವಳಿಗೆ ಆರೇ ವಾರ.

ಮತ್ತೆ ಬರುವ ನೋವು ಹಳೆಯ ನೋವಿನಷ್ಟೇ ಸಾಧುವಾಗಿ ಇರುತ್ತದೆಂಬ ಖಾತರಿಯೂ ಇಲ್ಲ. ಜನ ದೊಡ್ಡ ಕಲ್ಲಿಗೆ ಹೆದರುತ್ತಾರೆ. ವಾಸ್ತವದಲ್ಲಿ ನಾಳಕ್ಕೆ ಜಾರಿ ಮೇದೋಜೀರಕದ ಬಾಯಿ ಕಟ್ಟುವುದು ಚಿಕ್ಕ ಕಲ್ಲುಗಳು, ನಮ್ಮ ದಾವಣಗೆರೆಯವರಿಗೆ ಇರುವಂಥವು. ಕಲ್ಲಿನಿಂದ ಮೇದೋಜೀರಕ ಉರಿಯೂತವಾದ ಬಸುರಿಯರಲ್ಲಿ ಶಿಶು ಕಳೆದುಕೊಂಡವರ ಪ್ರಮಾಣ ಹಳೆಯ ವರದಿಗಳಲ್ಲಿ 10ರಿಂದ 60% ವರೆಗೂ ಇದೆ. ಇಂದಿನ ಐ.ಸಿ.ಯು. ಕಾಲದಲ್ಲಿ ಅದು ಬಹಳ ಇಳಿದಿದೆ, ನಿಜ. ಆದರೂ ತೊಡಕಿಲ್ಲದ ಪಿತ್ತಕೋಶದ ಆಪರೇಷನ್ನಿನ ಅಪಾಯಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಇದರ ಜೊತೆಗೆ ಇನ್ನೊಂದು ಖರ್ಚು ಇದೆ, ರಿಪೋರ್ಟಿನಲ್ಲಿ ಕಾಣದ್ದು: ನೋವಿಗೆ ಹೆದರಿ ಬಸುರಿ ಊಟ ಬಿಡುತ್ತಾಳೆ. ಅಡ್ಮಿಟ್ ಆದಾಗಲೆಲ್ಲ ಎರಡು ದಿನ ಬರೀ ಡ್ರಿಪ್. ತೂಕ ಏರಬೇಕಾದ ತಿಂಗಳುಗಳಲ್ಲಿ ಏರುವುದಿಲ್ಲ.

ಹಾಗೆಂದು ಎಲ್ಲರನ್ನೂ ಮೇಜಿನ ಮೇಲೆ ಮಲಗಿಸಬೇಕು ಎಂದು ನಾನು ಹೇಳುತ್ತಿಲ್ಲ. ವಾರ ಯಾವುದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಮೊದಲ 12 ವಾರ ಶಿಶುವಿನ ಅಂಗಾಂಗ ಮೂಡುವ ಕಾಲ. ಈಗ ಬಳಕೆಯಲ್ಲಿರುವ ಅರಿವಳಿಕೆ ಔಷಧಗಳು ಸಾಮಾನ್ಯ ಪ್ರಮಾಣದಲ್ಲಿ ಮನುಷ್ಯ ಶಿಶುವಿನಲ್ಲಿ ಅಂಗದೋಷ ತಂದ ಪುರಾವೆ ಇಲ್ಲ. ಆದರೂ ಈ ವಾರಗಳಲ್ಲಿ ತಾನಾಗಿಯೇ ಗರ್ಭ ಇಳಿಯುವುದು ಹೆಚ್ಚು. ಆಪರೇಷನ್ ಆದ ವಾರವೇ ಹಾಗಾದರೆ ಕಾರಣ ಆಪರೇಷನ್ನೇ ಎಂದು ಆ ಹೆಂಗಸು ಜೀವನವಿಡೀ ನಂಬುತ್ತಾಳೆ. ನೋವು ತಡೆಯುವಂತಿದ್ದರೆ ಹದಿಮೂರು, ಹದಿನಾಲ್ಕನೇ ವಾರದವರೆಗೆ ಎಳೆಯುವುದು ವಾಡಿಕೆ. ನಡುವಿನ ಮೂರು ತಿಂಗಳು ಎಲ್ಲರಿಗೂ ಅನುಕೂಲ. ಗರ್ಭಕೋಶ ಹೊಕ್ಕುಳ ಮುಟ್ಟುವುದು 20ನೇ ವಾರಕ್ಕೆ. ಅಲ್ಲಿಯವರೆಗೆ ಮೇಲ್ಹೊಟ್ಟೆಯಲ್ಲಿ ಸರ್ಜನ್ನಿಗೆ ಕೈಯಾಡಿಸಲು ಜಾಗ ಇರುತ್ತದೆ. ಕೊನೆಯ ಮೂರು ತಿಂಗಳಲ್ಲಿ ಗರ್ಭಕೋಶ ಪಕ್ಕೆಲುಬಿನತ್ತ ಬಂದಿರುತ್ತದೆ, ದಿನ ತುಂಬುವ ಮೊದಲೇ ನೋವು ಶುರುವಾಗುವ ಅಪಾಯ ಏರುತ್ತದೆ. ಕ್ಯಾಲಿಫೋರ್ನಿಯಾದ ಆಸ್ಪತ್ರೆ ದಾಖಲೆಗಳನ್ನು ಜಾಲಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ, ಕೊನೆಯ ಮೂರು ತಿಂಗಳಲ್ಲಿ ಪಿತ್ತಕೋಶ ತೆಗೆಸಿಕೊಂಡವರಲ್ಲಿ ಅವಧಿಪೂರ್ವ ಹೆರಿಗೆ ಹೆಚ್ಚು ಎಂದು ಕಂಡುಕೊಂಡು, ಸಾಧ್ಯವಾದರೆ ಹೆರಿಗೆಯಾಚೆಗೆ ದೂಡಿ ಎಂದಿತು. ತಡೆಯಲಾರದಷ್ಟು ಕಾಯಿಲೆ ಬಿದ್ದವರೇ ಎಂಟನೇ ತಿಂಗಳಲ್ಲಿ ಮೇಜು ಹತ್ತಿರುತ್ತಾರೆ, ಹಾಗಾಗಿ ಹೋಲಿಕೆ ಪೂರ್ತಿ ಸಮವಲ್ಲ ಎಂದು ವಾದಿಸಬಹುದು. ಆದರೂ 34 ವಾರದವಳಿಗೆ ಒಮ್ಮೆ ನೋವು ಬಂದು ಹೋಗಿದ್ದರೆ ಕಾಯುವುದೇ ಸರಿ ಎನ್ನಲು ಅಷ್ಟು ಸಾಕು.

17 ವಾರದ ನಮ್ಮವರಿಗೆ ಅದೇ ಮಾತು ಹೊಂದುವುದಿಲ್ಲ. ಮೂರು ಸಲ ನೋವು, ಚಿಕ್ಕ ಕಲ್ಲು, ಮುಂದೆ ಐದು ತಿಂಗಳು. ನಾನು ಆ ಕಾರಿಡಾರಿನಲ್ಲಿ ಅವರ ಅಣ್ಣನೋ ಅಕ್ಕನೋ ಆಗಿದ್ದರೆ ಆಪರೇಷನ್ ಮಾಡಿಸಿ ಎಂದೇ ಹೇಳುತ್ತಿದ್ದೆ. ಒಂದು ಷರತ್ತು: ಅರಿವಳಿಕೆ ತಜ್ಞರು, ಪ್ರಸೂತಿ ತಜ್ಞರು, ಇಂಥ ಆಪರೇಷನ್ ಕೈಗೆ ಹತ್ತಿದ ಸರ್ಜನ್, ಮೂವರೂ ಒಂದೇ ಸೂರಿನಡಿ ಸಿಗುವ ಆಸ್ಪತ್ರೆ ಆಗಿರಬೇಕು. ಹೆರಿಗೆ ಹತ್ತಿರವಿರುವವರಿಗೆ ನವಜಾತ ಶಿಶುವಿನ ಐ.ಸಿ.ಯು.ವೂ ಅಲ್ಲೇ ಇರಬೇಕು.

ಆಪರೇಷನ್ ಥಿಯೇಟರಿನೊಳಗೆ ಏನಾಗುತ್ತದೆ ಎಂದು ಯಾರೂ ಮನೆಯವರಿಗೆ ವಿವರಿಸುವುದಿಲ್ಲ, ಅದಕ್ಕೇ ಊಹೆ ಬೆಳೆಯುತ್ತದೆ. ಮೊದಲು ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಕೇಳಿ ಬರೆದಿಡುತ್ತಾರೆ. ಕಾಲಿಗೆ ರಕ್ತ ಹೆಪ್ಪುಗಟ್ಟದಂತೆ ಒತ್ತುಪಟ್ಟಿ ಸುತ್ತುತ್ತಾರೆ, ಏಕೆಂದರೆ ಬಸಿರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಬಲ ಸೊಂಟದಡಿ ದಿಂಬು ಕೊಟ್ಟು ಮೇಜನ್ನು ಎಡಕ್ಕೆ ವಾಲಿಸುತ್ತಾರೆ. ಅಂಗಾತ ಮಲಗಿಸಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಾಯಿಯ ಬಿ.ಪಿ. ಇಳಿಯುತ್ತದೆ, ಮಗುವಿಗೆ ರಕ್ತ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಹೊಕ್ಕುಳದ ಬಳಿ ಹಾಕುವ ಮೊದಲ ತೂತನ್ನು ಗರ್ಭಕೋಶದ ಎತ್ತರ ನೋಡಿ ಮೇಲಕ್ಕೆ ಸರಿಸುತ್ತಾರೆ, ಕೆಲವೊಮ್ಮೆ ಪಕ್ಕೆಲುಬಿನ ಅಂಚಿನವರೆಗೆ. ಅನಿಲದ ಒತ್ತಡವನ್ನು 10ರಿಂದ 15 ಮಿಲಿಮೀಟರ್ ಪಾದರಸದೊಳಗೆ ಇಡುತ್ತಾರೆ. ತಾಯಿಯ ಉಸಿರಿನ ಕಾರ್ಬನ್ ಡೈಆಕ್ಸೈಡ್ ಎಷ್ಟೆಂದು ಮಾನಿಟರ್ ಉದ್ದಕ್ಕೂ ತೋರಿಸುತ್ತಿರುತ್ತದೆ. ಚೀಲವನ್ನು ಬಿಡಿಸಿ ಹೊರತೆಗೆದ ಮೇಲೆ ಮತ್ತೆ ಡಾಪ್ಲರ್. ತೊಡಕಿಲ್ಲದಿದ್ದರೆ ಒಂದು ಗಂಟೆಯ ಆಸುಪಾಸಿನ ಕೆಲಸ. ಹೆರಿಗೆ ನೋವು ತಡೆಯುವ ಔಷಧವನ್ನು ಮುಂಚೆಯೇ ಎಲ್ಲರಿಗೂ ಕೊಡುವ ರೂಢಿ ಈಗಿಲ್ಲ. ಗರ್ಭಕೋಶ ಹಿಂಡಿಕೊಳ್ಳುವ ಸೂಚನೆ ಕಂಡರೆ ಮಾತ್ರ. 24ರಿಂದ 34 ವಾರದ ನಡುವಿನವರಿಗೆ, ಬೇಗ ಹೆರಿಗೆಯಾಗುವ ಸಂಭವ ಇದ್ದರೆ, ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು.

“ಕಲ್ಲು ಮಾತ್ರ ತೆಗೆದು ಚೀಲ ಬಿಡಬಾರದೇ?” ಎಂದು ಕೇಳುವವರಿದ್ದಾರೆ. ಕಲ್ಲು ಕಟ್ಟಿದ ಚೀಲ ಮತ್ತೆ ಕಟ್ಟುತ್ತದೆ. ಚೀಲ ಹೋದರೆ ಪಿತ್ತರಸ ಲಿವರಿನಿಂದ ನೇರ ಕರುಳಿಗೆ ಇಳಿಯುತ್ತದೆ. ಕೆಲವರಿಗೆ ಒಂದಷ್ಟು ದಿನ ಭೇದಿ ಕಾಡುವುದು ಬಿಟ್ಟರೆ ಜೀರ್ಣಕ್ಕೆ ತೊಂದರೆ ಇಲ್ಲ. “ಹೇಗೂ ಸಿಸೇರಿಯನ್ ಅಂತೀರಿ, ಆಗಲೇ ಇದನ್ನೂ ತೆಗೆದುಬಿಡಿ” ಎಂಬುದು ಇನ್ನೊಂದು. ಕೇಳಲು ಲಾಭದ ವ್ಯವಹಾರ. ಆದರೆ ಸಿಸೇರಿಯನ್ ಕೊಯ್ತ ಇರುವುದು ಕಿಬ್ಬೊಟ್ಟೆಯಲ್ಲಿ, ಪಿತ್ತಕೋಶ ಇರುವುದು ಪಕ್ಕೆಲುಬಿನಡಿ. ಒಂದೇ ಬಾಗಿಲಿನಿಂದ ಎರಡೂ ಕೆಲಸ ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡಿದ ಉದಾಹರಣೆ ಇದ್ದರೂ ಅದು ರೂಢಿಯಲ್ಲ.

ಕಲ್ಲು ನಾಳದಲ್ಲಿ ಸಿಕ್ಕಿಕೊಂಡು ಕಾಮಾಲೆ, ಚಳಿಜ್ವರ ಬಂದರೆ ಕಾಯುವ ಪ್ರಶ್ನೆಯೇ ಬರುವುದಿಲ್ಲ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ನಾಳದ ಬಾಯಿ ಬಿಡಿಸಿ, ಕಲ್ಲು ಎಳೆಯುತ್ತಾರೆ. ಇದಕ್ಕೆ ಇ.ಆರ್.ಸಿ.ಪಿ. ಎಂದು ಹೆಸರು. ಎಕ್ಸ್–ರೇ ಬೇಕಾಗುತ್ತದೆಂಬುದೇ ಎಲ್ಲರ ಆತಂಕ. ಶಿಶುವಿಗೆ ಹಾನಿಯ ಮಾತು ಬರುವುದು 50 ಮಿಲಿಗ್ರೇ ಮೇಲೆ. ಹೊಟ್ಟೆಗೆ ರಕ್ಷೆ ಕೊಟ್ಟು, ಕಿರಣವನ್ನು ಸೆಕೆಂಡುಗಳ ಲೆಕ್ಕದಲ್ಲಿ ಬಳಸಿದರೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಕಿರಣವನ್ನೇ ಬಳಸದೆ ಮಾಡುವವರೂ ಇದ್ದಾರೆ. ಇದರ ನಿಜವಾದ ಅಪಾಯ ಕಿರಣಕ್ಕಿಂತ, ಆ ಬಳಿಕ ಕೆಲವರಿಗೆ ಬರುವ ಮೇದೋಜೀರಕದ ಉರಿಯೂತ. ಇನ್ನು ಆಪರೇಷನ್ನಿಗೂ ತಾಳಲಾರದಷ್ಟು ನಿತ್ರಾಣವಾದವರಿಗೆ ಪಿತ್ತಕೋಶಕ್ಕೆ ಹೊರಗಿನಿಂದ ಸಣ್ಣ ಕೊಳವೆ ಹಾಕಿ ರಸ ಬಸಿಯುವ ದಾರಿಯೊಂದಿದೆ. ಹೆರಿಗೆಯವರೆಗೆ ದಿನ ದೂಡಲು ಅದು ಸಾಕಾಗಬಹುದು.

ಕಾಯುವುದೇ ಎಂದು ಗೊತ್ತಾದವರು ಹೇಗೆ ಕಾಯಬೇಕು? ಎಣ್ಣೆ, ತುಪ್ಪ, ಕೊಬ್ಬರಿ, ಕರಿದದ್ದು ಕಡಿಮೆ ಮಾಡಿದರೆ ನೋವಿನ ಸರದಿ ಕಡಿಮೆಯಾಗುತ್ತದೆ, ನಿಲ್ಲುತ್ತದೆಂಬ ಭರವಸೆಯಿಲ್ಲ. ಉಪವಾಸ ಮಾತ್ರ ಕೂಡದು. ಊಟವಿಲ್ಲದ ದಿನ ಪಿತ್ತಕೋಶ ಹಿಂಡಿಕೊಳ್ಳುವುದಿಲ್ಲ, ಗಸಿ ಇನ್ನಷ್ಟು ಕೂರುತ್ತದೆ. ವ್ರತವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ನೋವಿಗೆ ಪ್ಯಾರಾಸಿಟಮಾಲ್ ಮೊದಲ ಆಯ್ಕೆ, ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆಯಲ್ಲಿ ಕೊಡುವ ಬಲವಾದ ಇಂಜೆಕ್ಷನ್. ನಮ್ಮ ಊರುಗಳಲ್ಲಿ ಚೀಟಿಯಿಲ್ಲದೆ ಕೈಗೆ ಸಿಗುವ ಡೈಕ್ಲೋಫಿನಾಕ್, ಐಬುಪ್ರೊಫೇನ್ ಬಗ್ಗೆ ಎಚ್ಚರ ಬೇಕು. 20 ವಾರದ ಬಳಿಕ ಇಂಥ ಮಾತ್ರೆಗಳು ಶಿಶುವಿನ ಕಿಡ್ನಿಗೆ ತಟ್ಟಿ ನೆತ್ತಿನೀರು ಕುಗ್ಗಿಸಬಹುದೆಂದು ಅಮೆರಿಕದ ಎಫ್.ಡಿ.ಎ. 2020ರಲ್ಲಿ ಎಚ್ಚರಿಸಿದೆ. ಕೊನೆಯ ತಿಂಗಳುಗಳಲ್ಲಿ ಶಿಶುವಿನ ಹೃದಯದ ಬಳಿಯ ರಕ್ತನಾಳವೊಂದು ಅವಧಿಗೆ ಮೊದಲೇ ಮುಚ್ಚಿಕೊಳ್ಳುವ ಭಯವೂ ಇದೆ. ‘ಕಲ್ಲು ಕರಗಿಸುವ ಮಾತ್ರೆ’ ಎಂದು ಕರೆಯುವ ಅರ್ಸೊಡಿಆಕ್ಸಿಕೋಲಿಕ್ ಆಮ್ಲ ಬಸಿರಿನ ಪಿತ್ತಸ್ತಂಭನಕ್ಕೆ ಬಳಕೆಯಲ್ಲಿದೆ. ಕಲ್ಲಿಗೆ ಮಾತ್ರ ಅದರಿಂದ ಬಸಿರಿನೊಳಗೆ ಪ್ರಯೋಜನ ಕಾಣುವುದು ಕಷ್ಟ: ಸಣ್ಣ ಕೊಲೆಸ್ಟರಾಲ್ ಕಲ್ಲಷ್ಟೇ ಕರಗುವುದು, ಅದಕ್ಕೂ ಆರು ತಿಂಗಳಿಂದ ಎರಡು ವರ್ಷ ಬೇಕು.

ನಾಟಿ ಔಷಧದ ಕಡೆಗೂ ಒಂದು ಮಾತು. ಬಾಳೆದಿಂಡಿನ ರಸ, ಹುರುಳಿಕಟ್ಟು, ಕಾಡುಬಸಳೆ ಎಲ್ಲವೂ ನಮ್ಮಲ್ಲಿ ಮೂತ್ರಕಲ್ಲಿಗೆ ಹೇಳುವಂಥವು. ಆ ಕಲ್ಲು ಇರುವುದು ಮೂತ್ರದ ದಾರಿಯಲ್ಲಿ. ನೀರು ಹೆಚ್ಚು ಕುಡಿದರೆ ಕೊಚ್ಚಿ ಹೋಗುವುದೂ ಉಂಟು. ಪಿತ್ತಕೋಶ ಆ ದಾರಿಯಲ್ಲೇ ಇಲ್ಲ. ಹುರುಳಿಕಟ್ಟು ಒಳ್ಳೆಯ ಸಾರು, ಅಷ್ಟರ ಮಟ್ಟಿಗೆ ಕುಡಿಯಬಹುದು. ವಾಟ್ಸಾಪಿನಲ್ಲಿ ಸುತ್ತುವ ಆಲಿವ್ ಎಣ್ಣೆ, ನಿಂಬೆರಸದ ‘ಲಿವರ್ ಕ್ಲೀನಿಂಗ್’ ಮಾತ್ರ ಅಷ್ಟು ನಿರುಪದ್ರವಿಯಲ್ಲ. ಅದನ್ನು ಕುಡಿದು ಮರುದಿನ ಮಲದಲ್ಲಿ ಹಸಿರು ಗುಂಡುಗಳನ್ನು ಕಂಡವರು ಕಲ್ಲು ಬಿತ್ತೆಂದು ಹಿಗ್ಗುತ್ತಾರೆ. ಅಂಥ ಗುಂಡುಗಳನ್ನು ನ್ಯೂಜಿಲೆಂಡಿನಲ್ಲಿ ಪರೀಕ್ಷಿಸಿದಾಗ ಅವು ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸೋಪಾಗಿ ಗಟ್ಟಿಯಾದದ್ದೆಂದು ಗೊತ್ತಾಯಿತು. 2005ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆ ವರದಿ ಬಂದಿದೆ. ಲೋಟಗಟ್ಟಲೆ ಎಣ್ಣೆ ಕುಡಿದರೆ ಪಿತ್ತಕೋಶ ಬಲವಾಗಿ ಹಿಂಡಿಕೊಂಡು ಕಲ್ಲು ನಾಳಕ್ಕೆ ಜಾರಬಹುದು. ಬಸುರಿಗೆ ಇದು ಖಂಡಿತ ಬೇಡ.

ನಮ್ಮಲ್ಲಿ ಇನ್ನೊಂದು ತೊಡಕಿದೆ, ಹೊರದೇಶದ ಮಾರ್ಗಸೂಚಿಗಳಲ್ಲಿ ಬರೆದಿರದ್ದು. ಸೀಮಂತ ಮುಗಿದ ಮೇಲೆ ಬಸುರಿ ತವರಿಗೆ ಹೋಗುತ್ತಾಳೆ. ನೋವು ಬಂದದ್ದು, ಸ್ಕ್ಯಾನ್ ಆದದ್ದು, ಸರ್ಜನ್ ನೋಡಿದ್ದು ಬೆಂಗಳೂರಿನಲ್ಲಿ. ಕಲ್ಲು ನಾಳಕ್ಕೆ ಜಾರುವುದು ಎಂಟನೇ ತಿಂಗಳಲ್ಲಿ, ಸಿರಸಿಯ ಹತ್ತಿರದ ಹಳ್ಳಿಯಲ್ಲಿ, ರಾತ್ರಿ. ಅಲ್ಲಿನ ಡಾಕ್ಟರಿಗೆ ಯಾವ ಹಿಂದಿನ ಕತೆಯೂ ಗೊತ್ತಿಲ್ಲ. ಕಲ್ಲಿನ ವಿಷಯವನ್ನು, ನೋವು ಬಂದ ತಾರೀಕುಗಳನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಂಡರೆ, ಸ್ಕ್ಯಾನ್ ರಿಪೋರ್ಟಿನ ಫೋಟೊ ತಾಯಿ ಮತ್ತು ಅಣ್ಣತಮ್ಮಂದಿರ ಮೊಬೈಲಿನಲ್ಲೂ ಇದ್ದರೆ ಎಷ್ಟೋ ಗಂಟೆ ಉಳಿಯುತ್ತದೆ. ತವರಿನಿಂದ ಇ.ಆರ್.ಸಿ.ಪಿ. ಮಾಡುವ ಆಸ್ಪತ್ರೆ ಎಷ್ಟು ದೂರ ಎಂದು ಮೊದಲೇ ಕೇಳಿಕೊಂಡಿರಬೇಕು. ನಾಲ್ಕು ಗಂಟೆಯ ಘಟ್ಟದ ದಾರಿಯಾದರೆ, ಪದೇ ಪದೇ ನೋವು ಬಂದವರು ಈ ಸಲ ತವರಿನವರನ್ನೇ ತಮ್ಮಲ್ಲಿಗೆ ಕರೆಸಿಕೊಳ್ಳುವುದು ವಾಸಿ. ಕಾಯುವ ಆಯ್ಕೆಯ ಸುರಕ್ಷತೆ ಈ ದೂರದ ಮೇಲೂ ನಿಂತಿದೆ.

ಹೆರಿಗೆಯಾದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ, ಏಕೆಂದರೆ ಮುಂದೆ ಬಾಣಂತನ ಇದೆ. ಹಾರ್ಮೋನು ಇಳಿದು ಪಿತ್ತಕೋಶ ಮತ್ತೆ ಚುರುಕಾಗಿ ಹಿಂಡಿಕೊಳ್ಳಲು ಶುರುಮಾಡುವ ಹೊತ್ತಿಗೇ ತುಪ್ಪ ಸುರಿದ ಅನ್ನ, ಅಂಟಿನುಂಡೆ, ಕೊಬ್ಬರಿ ಬೆಲ್ಲ ಎದುರಿಗೆ ಬರುತ್ತದೆ. ಬಸಿರಿನುದ್ದಕ್ಕೂ ಸುಮ್ಮನಿದ್ದ ಕಲ್ಲು ಬಾಣಂತನದಲ್ಲಿ ತಿರುಗಿ ಬೀಳುವುದು ಇದೇ ಕಾರಣಕ್ಕೆ. ಕಲ್ಲಿರುವ ಬಾಣಂತಿಗೆ ಬೇಳೆ, ಮೊಟ್ಟೆ, ಸೊಪ್ಪು, ಸಬ್ಬಸಿಗೆ ಸಾರು ಧಾರಾಳವಾಗಿ ಕೊಡಿ, ತುಪ್ಪದ ಚಮಚ ಮಾತ್ರ ಹಿಡಿತದಲ್ಲಿರಲಿ. ಹಾಲಿಗೆ ಕೊರತೆಯಾಗುವುದಿಲ್ಲ. ಅಜ್ಜಿಯರನ್ನು ಒಪ್ಪಿಸುವುದು ಸರ್ಜನ್ನನ್ನು ಒಪ್ಪಿಸುವುದಕ್ಕಿಂತ ಕಷ್ಟ ಎಂಬುದೂ ಗೊತ್ತಿದೆ.

ಮುಂದೆ ಹಾಕಿದ ಆಪರೇಷನ್ನನ್ನು ಹೆರಿಗೆಯಾಗಿ ಆರು ವಾರದ ಸುಮಾರಿಗೆ ಇಟ್ಟುಕೊಳ್ಳುವುದು ರೂಢಿ. ನೋವು ಜೋರಾದರೆ ಅದಕ್ಕೂ ಮೊದಲೇ ಮಾಡುತ್ತಾರೆ. ಮೂರು ತಿಂಗಳ ಬಾಣಂತನ, ಐದು ತಿಂಗಳ ಬಾಣಂತನ ಮುಗಿಯಲಿ ಎಂದು ಕೂತರೆ, ತೊಟ್ಟಿಲಲ್ಲಿ ಕೂಸು ಇರುವಾಗಲೇ ಎಮರ್ಜೆನ್ಸಿಯಲ್ಲಿ ಅಡ್ಮಿಟ್ ಆಗುವ ಸರದಿ ಬರಬಹುದು. ಅರಿವಳಿಕೆಯಿಂದ ಪೂರ್ತಿ ಎಚ್ಚರವಾಗಿ, ಮಗುವನ್ನು ಎತ್ತಿಕೊಳ್ಳುವಷ್ಟು ಚೇತರಿಸಿಕೊಂಡ ಮೇಲೆ ಹಾಲೂಡಿಸಬಹುದು; ದಿನಗಟ್ಟಲೆ ಹಾಲು ಹಿಂಡಿ ಚೆಲ್ಲಬೇಕಿಲ್ಲ. ಬಸಿರಿನಲ್ಲಿ ಕಂಡದ್ದು ಬರೀ ಗಸಿಯಾಗಿದ್ದು, ನೋವು ಕೊಡದಿದ್ದವರ ಕತೆ ಬೇರೆ. ಅವರು ಆಪರೇಷನ್ ದಿನಾಂಕ ಗೊತ್ತುಮಾಡುವ ಮೊದಲು ಇನ್ನೊಂದು ಸ್ಕ್ಯಾನ್ ಮಾಡಿಸಬೇಕು. ಹೆರಿಗೆಯ ಬಳಿಕದ ತಿಂಗಳುಗಳಲ್ಲಿ ಬಹಳಷ್ಟು ಮಂದಿಯ ಗಸಿ, ಕೆಲವರ ಸಣ್ಣ ಕಲ್ಲು ಕೂಡ, ಯಾರ ಕೈಯೂ ಸೋಕದೆ ತಾವಾಗಿ ಮಾಯವಾಗುತ್ತವೆ.